ಕಾಕಾನ ಅಂಬಾಸಡರ್, ದಾರಿಯಲ್ಲೇ ಸೋರಿಹೋದ 2.8 ವೋಲ್ಟ್

ಹೋದ ಡಿಸೆಂಬರಿನಲ್ಲಿ ನಮ್ಮ ಕಾಕಾ ಮತ್ತು ಕಾಕು ಧಾರವಾಡದಲ್ಲಿ ಒಂದು ಮದುವೆ ಮುಗಿಸಿಕೊಂಡು ಪುಣೆಗೆ ವಾಪಸ್ ಬರುತ್ತಿದ್ದರು. ಗಾಡಿ 1978ರ ಅಂಬಾಸಡರ್, ಮಾರ್ಕ್ 3. ಕರಾಡ ದಾಟಿದ ಮೇಲೆ, ರಾತ್ರಿ ಒಂಬತ್ತರ ಸುಮಾರಿಗೆ, ಮುಂದೆ ಒಂದು ಕಬ್ಬಿನ ಟ್ರಾಕ್ಟರ್ ಹೋಗುತ್ತಿತ್ತು. ಅದರ ಹಿಂದೆ ಎರಡು ಟ್ರಾಲಿ. ಕೆಂಪು ದೀಪ ಇಲ್ಲ, ರೇಡಿಯಂ ಪಟ್ಟಿಯೂ ಇಲ್ಲ. ಕಾಕಾ ಕಣ್ಣಿಗೆ ಕಬ್ಬಿನ ಗರಿ ಬಿದ್ದದ್ದೇ ಗಾಡಿ ಹತ್ತಿರ ಹೋದ ಮೇಲೆ. ಬ್ರೇಕ್ ಒತ್ತಿ ಬಲಕ್ಕೆ ಎಳೆದರು. ಒಂದು ಮೊಳದಲ್ಲಿ ತಪ್ಪಿತು.

ಮರುದಿನ ಬೆಳಗ್ಗೆ ಫೋನ್ ಬಂತು. "ತಮ್ಮಾ, ಲೈಟ್ ಹಚ್ಚಿದ್ರೂ ಮುಂದ ಏನೂ ಕಾಣವಲ್ದು. ಮೇಣಬತ್ತಿ ಹಿಡಕೊಂಡು ಹೊಂಟಂಗ ಆಗೇತಿ." ಕಾಕಾಗೆ ಈಗ 68. ಗಾಡಿ ಮಾರಿಬಿಡಿ ಅಂತ ಮನೆಯಲ್ಲಿ ಮಾತು ಶುರುವಾಗಿತ್ತು. ನಾನು ಭೋಸರಿಯ ಒಂದು ಫ್ಯಾಕ್ಟರಿಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುವವನು. ಮಾರುವ ಮೊದಲು ಒಂದು ಸಲ ಮೀಟರ್ ಹಿಡಿದು ನೋಡೋಣ ಅಂದೆ. ನೋಡಿದ್ದು, ಮಾಡಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ, ಯಾಕಂದ್ರೆ ಹಳೆ ಗಾಡಿ ಇಟ್ಟುಕೊಂಡವರಲ್ಲಿ ಹತ್ತಕ್ಕೆ ಎಂಟು ಜನ ಲೈಟ್ ಸಾಲುತ್ತಿಲ್ಲ ಅಂದ ತಕ್ಷಣ ಬಲ್ಬ್ ಬದಲಿಸಲು ಹೋಗುತ್ತಾರೆ. ನಮ್ಮ ಮನೆಯಲ್ಲೂ ಮೊದಲು ಆಗಿದ್ದು ಅದೇ.

ನಾನು ಶನಿವಾರ ಪುಣೆಯ ಕೋಥರೂಡಿನಲ್ಲಿರುವ ಕಾಕಾನ ಮನೆಗೆ ಹೋಗುವಷ್ಟರಲ್ಲಿ ಕಾಕಾನ ಮಗ, ಅಂದರೆ ನನ್ನ ತಮ್ಮ, ಆನ್‌ಲೈನಿನಲ್ಲಿ ಎಲ್‌ಇಡಿ ಬಲ್ಬ್ ತರಿಸಿ ಹಾಕಿಬಿಟ್ಟಿದ್ದ. ಅಪ್ಪ ಅಮ್ಮ ಸ್ವಲ್ಪದರಲ್ಲಿ ಉಳಿದರಲ್ಲ ಅನ್ನುವ ಗಾಬರಿ ಅವನಿಗೆ. ಡಬ್ಬಿಯ ಮೇಲೆ 20,000 ಲ್ಯೂಮೆನ್ ಅಂತ ಬರೆದಿತ್ತು. ಲ್ಯೂಮೆನ್ ಅಂದರೆ ಬಲ್ಬ್ ಎಷ್ಟು ಬೆಳಕು ಕೊಡುತ್ತದೆ ಅನ್ನುವ ಅಳತೆ. ಈಗಿನ ಗಾಡಿಗಳಿಗೆ ಬರುವ ಮಾಮೂಲಿ ಎಚ್4 ಹ್ಯಾಲೊಜೆನ್ ಬಲ್ಬಿನ ಲೆಕ್ಕ ಹೈ ಬೀಮಿಗೆ (ದೂರಕ್ಕೆ ಬೀಳುವ ಬೆಳಕು) 1650 ಲ್ಯೂಮೆನ್, ಲೋ ಬೀಮಿಗೆ (ತಗ್ಗಿಸಿದ ಬೆಳಕು) 1000. ಅದರ ಪಕ್ಕದಲ್ಲಿ 20,000 ಅನ್ನುವ ಸಂಖ್ಯೆ ಇಟ್ಟು ನೋಡಿದರೆ ನಂಬಬೇಕೋ ಬೇಡವೋ ಗೊತ್ತಾಗುತ್ತದೆ. ಹಳೆ ಹೋಲ್ಡರಿಗೆ ಅದು ಕೂರದೆ ಅಡಾಪ್ಟರ್ ರಿಂಗ್ ಸೇರಿಸಿ ಕೂರಿಸಿದ್ದ.

ಕತ್ತಲಾದ ಮೇಲೆ ಸೊಸೈಟಿಯ ಪಾರ್ಕಿಂಗ್ ಗೋಡೆಗೆ ಮುಖ ಮಾಡಿ ಗಾಡಿ ನಿಲ್ಲಿಸಿ ಲೈಟ್ ಹಾಕಿದೆವು. ಗೋಡೆ ತುಂಬ ಬೆಳಕು. ನೋಡಿದವರು ಭಲೇ ಅನ್ನಬೇಕು, ಅಷ್ಟು. ಆದರೆ ಆ ಬೆಳಕಿಗೆ ಆಕಾರವೇ ಇರಲಿಲ್ಲ. ಮೇಲೆ ಎರಡನೇ ಮಹಡಿಯ ಬಾಲ್ಕನಿ ಬೆಳಗುತ್ತಿತ್ತು, ಕೆಳಗೆ ಬಂಪರ್ ಮುಂದಿನ ನೆಲ ಬೆಳಗುತ್ತಿತ್ತು. ಹೆಡ್‌ಲೈಟಿನ ರಿಫ್ಲೆಕ್ಟರ್, ನಮ್ಮ ಅಂಗಡಿಯವರು ಡೂಮ್ ಅನ್ನುತ್ತಾರಲ್ಲ ಅದು, ಒಂದು ಸಣ್ಣ ಫಿಲಮೆಂಟ್ ನಿಖರವಾಗಿ ಇಂಥ ಜಾಗದಲ್ಲೇ ಇದೆ ಅಂತ ಲೆಕ್ಕ ಹಾಕಿ ಮಾಡಿದ್ದು. ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಆದರೂ ಬೆಳಕು ಎಲ್ಲೆಲ್ಲೋ ಚೆದುರುತ್ತದೆ. ಆ ಜಾಗದಲ್ಲಿ ಅಗಲವಾದ ಚಿಪ್ ತಂದು, ಅದೂ ರಿಂಗ್ ಮೇಲೆ ಕೂರಿಸಿದರೆ ಬೀಮ್ ಹೇಗೆ ಉಳಿಯುತ್ತದೆ? ಇನ್ನೊಂದು ತೊಂದರೆ ಇದೆ. ಮೂಗಿನ ಮುಂದಿನ ನೆಲ ಜಾಸ್ತಿ ಬೆಳಗಿದರೆ ಕಣ್ಣು ಆ ಬೆಳಕಿಗೆ ಹೊಂದಿಕೊಂಡುಬಿಡುತ್ತದೆ, ಆಮೇಲೆ ದೂರದ ಕತ್ತಲು ಇನ್ನೂ ಕಪ್ಪಾಗಿ ಕಾಣುತ್ತದೆ. ಎರಡು ರಾತ್ರಿ ಓಡಿಸಿದ ಕಾಕಾ ಅದನ್ನೇ ಹೇಳಿದರು. ಎದುರಿಗೆ ಬಂದವರೆಲ್ಲ ಅಪ್ಪರ್ ಹೊಡೆಯುತ್ತಿದ್ದರಂತೆ, ಅಂದರೆ ಹೈ ಬೀಮ್ ಮಿಂಚಿಸಿ ಎಚ್ಚರಿಸುತ್ತಿದ್ದರಂತೆ.

ತಮ್ಮನಿಗೆ ಬೇಜಾರು ಆಗದ ಹಾಗೆ ಹೇಳಿ ಅದನ್ನು ತೆಗೆಸಿದೆ. ಹಳೆಯ 45/40 ವಾಟಿನ (ಹೈ ಬೀಮಿಗೆ 45, ಲೋಗೆ 40) ಬಲ್ಬುಗಳನ್ನೇ ವಾಪಸ್ ಹಾಕಿದೆವು. ಮೊದಲು ಈಗಿನ ಪರಿಸ್ಥಿತಿ ಅಳೆಯೋಣ, ಆಮೇಲೆ ಕೈ ಹಾಕೋಣ ಅಂತ.

ಅದಕ್ಕೂ ಮೊದಲು ಕಾಕಾನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಲೈಟ್ ಬಗ್ಗೆ ಕೇಳುವ ಪ್ರತಿಯೊಬ್ಬ ಹಿರಿಯರಿಗೂ ನಾನು ಇದನ್ನು ಹೇಳುತ್ತೇನೆ. 20ರ ವಯಸ್ಸಿನ ಕಣ್ಣಿನೊಳಗೆ ಹೋಗುವ ಬೆಳಕಿಗೆ ಹೋಲಿಸಿದರೆ 60 ದಾಟಿದವರ ಕಣ್ಣಿನೊಳಗೆ ಸುಮಾರು ಮೂರನೇ ಒಂದು ಭಾಗ ಮಾತ್ರ ಹೋಗುತ್ತದೆ. ಪೊರೆ ಶುರುವಾಗಿದ್ದರೆ ಎದುರಿನ ಲೈಟಿಗೆ ಕಣ್ಣು ಕೋರೈಸುವುದೂ ಜಾಸ್ತಿ. ಕಾಕಾಗೆ ಪೊರೆ ಇನ್ನೂ ಆಪರೇಷನ್ ಹಂತಕ್ಕೆ ಬಂದಿರಲಿಲ್ಲ, ಕನ್ನಡಕದ ನಂಬರ್ ಮಾತ್ರ ಬದಲಾಗಿತ್ತು. ಹೊಸ ಕನ್ನಡಕ ಬಂತು. ಹಾಗಾಗಿ ಮುಂದಿನ ಅಳತೆಗಳೆಲ್ಲ ಆ ಕನ್ನಡಕ ಹಾಕಿಕೊಂಡೇ ಆದವು.

ಭಾನುವಾರ ಮೀಟರ್ ತೆಗೆದೆ. ಈ ಗಾಡಿಯಲ್ಲಿ ಈಗಲೂ ಡೈನಮೋನೇ ಇದೆ, ಆಲ್ಟರ್ನೇಟರ್ ಅಲ್ಲ. ಐಡ್ಲಿಂಗ್‌ನಲ್ಲಿ ಡೈನಮೋ ಚಾರ್ಜ್ ಕೊಡುವುದೇ ಇಲ್ಲ, ಕೆಂಪು ದೀಪ ಹತ್ತಿಕೊಂಡಿರುತ್ತದೆ. ಅದಕ್ಕೆ ತಮ್ಮನನ್ನು ಕೂರಿಸಿ ಸ್ವಲ್ಪ ಎಕ್ಸಲೇಟರ್ ಒತ್ತಿ ಹಿಡಿಯಲು ಹೇಳಿದೆ. ಲೋ ಬೀಮ್ ಹಾಕಿ, ಬ್ಯಾಟರಿ ಟರ್ಮಿನಲ್ ಮೇಲೆ ನೋಡಿದರೆ 13.4 ವೋಲ್ಟ್. ಚೆನ್ನಾಗಿದೆ. ಅದೇ ಹೊತ್ತಿನಲ್ಲಿ ಎಡಗಡೆ ಬಲ್ಬಿನ ಹೋಲ್ಡರಿನಲ್ಲಿ ನೋಡಿದರೆ 10.6.

ಅಂದರೆ 2.8 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತಿತ್ತು. ಕೇಳಲು ಸಣ್ಣ ಸಂಖ್ಯೆ ಅನಿಸುತ್ತದೆ ಅಲ್ವಾ? ಆದರೆ ಫಿಲಮೆಂಟ್ ಬಲ್ಬಿನ ಸ್ವಭಾವ ಬೇರೆ. ವೋಲ್ಟೇಜಿನ ಎಷ್ಟು ಪಾಲು ಉಳಿದಿದೆಯೋ ಅದನ್ನು ಸುಮಾರು 3.4ನೇ ಘಾತಕ್ಕೆ ಏರಿಸಿದರೆ ಬೆಳಕಿನ ಎಷ್ಟು ಪಾಲು ಉಳಿಯುತ್ತದೆ ಅಂತ ಸಿಗುತ್ತದೆ. ಲೆಕ್ಕ ಹಾಕಿದರೆ 13.4ರ ಬದಲು 10.6 ಸಿಕ್ಕ ಬಲ್ಬ್ ಕೊಡುವುದು ಬರೀ 45 ಪರ್ಸೆಂಟ್ ಬೆಳಕು. ಅರ್ಧಕ್ಕಿಂತ ಕಮ್ಮಿ! ಜೊತೆಗೆ ಬಣ್ಣವೂ ಹಳದಿಗೆ ತಿರುಗುತ್ತದೆ. ಕಾಕಾ ಮೇಣಬತ್ತಿ ಅಂದದ್ದು ಸರಿಯಾಗಿಯೇ ಇತ್ತು.

ಈಗ ಎಲ್ಲಿ ಸೋರುತ್ತಿದೆ ಅಂತ ಹುಡುಕಬೇಕು. ನೀರಿನ ಪೈಪಿನಲ್ಲಿ ಹುಡುಕಿದ ಹಾಗೆಯೇ. ಮೀಟರಿನ ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ ಹಿಡಿದು, ಇನ್ನೊಂದು ತುದಿಯನ್ನು ಬಲ್ಬಿನ ಕಡೆಗೆ ಒಂದೊಂದೇ ಜಾಯಿಂಟ್ ಮುಂದೆ ಸರಿಸುತ್ತಾ ಹೋಗುವುದು. ಲೈಟ್ ಉರಿಯುತ್ತಿರುವಾಗಲೇ ಇದನ್ನು ಮಾಡಬೇಕು. ಕರೆಂಟ್ ಹರಿಯದಿದ್ದರೆ ಎಂಥ ತುಕ್ಕು ಹಿಡಿದ ಜಾಯಿಂಟೂ ಮೀಟರಿನಲ್ಲಿ ಸರಿ ಇದ್ದಂತೆ ತೋರಿಸುತ್ತದೆ. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿನ ಎಳೆಯುವ ಸ್ವಿಚ್ಚಿನವರೆಗೆ 0.5 ಹೋಗಿತ್ತು. ಸ್ವಿಚ್ಚಿನೊಳಗೆ 0.4. ಲೋ-ಹೈ ಬೀಮ್ ಬದಲಿಸುವ ಡಿಪ್ಪರ್ ಸ್ವಿಚ್ಚಿನಲ್ಲಿ 0.8. ಅಲ್ಲಿಂದ ಬಲ್ಬಿನವರೆಗಿನ ವೈರು ಮತ್ತು ಜಾಯಿಂಟಿನಲ್ಲಿ 0.5. ಉಳಿದ 0.6 ಅರ್ಥ್‌ನಲ್ಲಿ, ಅಂದರೆ ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿಯಲ್ಲಿ.

ಆ ಡಿಪ್ಪರ್ ಬಗ್ಗೆ ಸ್ವಲ್ಪ ಹೇಳಬೇಕು. ಈ ಗಾಡಿಯಲ್ಲಿ ಡಿಪ್ಪರ್ ಕಾಲಿನದು. ಕ್ಲಚ್ಚಿನ ಎಡಕ್ಕೆ ನೆಲದ ಮೇಲೆ ಒಂದು ಗುಂಡಿ, ಎಡಗಾಲಿನಿಂದ ಒತ್ತಿದರೆ ಟಕ್ ಅಂತ ಬೀಮ್ ಬದಲಾಗುತ್ತದೆ. ಮ್ಯಾಟ್ ಎತ್ತಿ ನೋಡಿದೆ. ಕೆಳಗಿನ ನಾರಿನ ಪದರ ಮಳೆಗಾಲದಲ್ಲಿ ಕುಡಿದ ನೀರನ್ನು ಡಿಸೆಂಬರಿನಲ್ಲೂ ಬಿಟ್ಟಿರಲಿಲ್ಲ, ಹಿಂಡಿದರೆ ತೇವ. ಸ್ವಿಚ್ಚಿನ ಮೂರು ಸ್ಕ್ರೂಗಳ ಸುತ್ತ ಹಸಿರು ಪುಡಿ ಕಟ್ಟಿತ್ತು. ಹಿತ್ತಾಳೆ ಪಾತ್ರೆ ತೊಳೆಯದೆ ಬಿಟ್ಟರೆ ಕಿಲುಬು ಹಿಡಿಯುತ್ತದಲ್ಲ, ಥೇಟ್ ಹಾಗೆ. ಹತ್ತು ನಿಮಿಷ ಲೈಟ್ ಉರಿದ ಮೇಲೆ ಆ ಗುಂಡಿಯ ಮೇಲೆ ಬೆರಳಿಟ್ಟರೆ ಬಿಸಿ ತಾಗುತ್ತಿತ್ತು. ರಸ್ತೆಗೆ ಬೀಳಬೇಕಾದ ಬೆಳಕು ಕಾಕಾನ ಕಾಲಡಿಯಲ್ಲಿ ಶಾಖವಾಗಿ ಕೂತಿತ್ತು.

ಅಂಬಾಸಡರಿನ ಮೂಲ 50ರ ದಶಕದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಹಿಂದೂಸ್ತಾನ್ ಮೋಟರ್ಸ್ ಉತ್ತರಪಾಡಾದಲ್ಲಿ 2014ರವರೆಗೂ ಇದನ್ನು ತಯಾರಿಸಿತು. ಆ ಕಾಲದ ವೈರಿಂಗ್ ಪದ್ಧತಿಯಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಕಾಲಿನ ಡಿಪ್ಪರ್ ಸುತ್ತಿ, ಮತ್ತೆ ಮುಂದಕ್ಕೆ ಹೋಗಬೇಕು. ಕಾಕಾನ ಗಾಡಿಯಲ್ಲಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು) ಇರಲಿಲ್ಲ, ಹೆಡ್‌ಲೈಟಿಗೆ ಅಂತ ಫ್ಯೂಸ್ ಕೂಡ ಇರಲಿಲ್ಲ. ಹೊಸದಾಗಿದ್ದಾಗ ಇದು ನಡೆಯುತ್ತಿತ್ತು. 45 ವರ್ಷದ ತುಕ್ಕು ಸೇರಿಕೊಂಡ ಮೇಲೆ ನಡೆಯುವುದಿಲ್ಲ.

ಹಾಗಾದರೆ 100/90 ವಾಟಿನ ದೊಡ್ಡ ಬಲ್ಬ್ ಹಾಕಿಬಿಡೋಣ ಅಂತ ಕಾಕಾನ ಗೆಳೆಯರೊಬ್ಬರು ಸಲಹೆ ಕೊಟ್ಟರು. ಬೇಡ ಅಂದೆ. ಡೈನಮೋ ಮೇಲೆಯೇ 22 ಆಂಪ್ ಅಂತ ಬರೆದಿದೆ. ಅದೇ ಪೂರ್ತಿ ಸಂಬಳ ಅಂದುಕೊಳ್ಳಿ. ಮಾಮೂಲಿ 60/55 ಬಲ್ಬ್ ಎರಡಕ್ಕೆ ಸುಮಾರು 10 ಆಂಪ್ ಬೇಕು. ಇಗ್ನಿಷನ್ನಿಗೆ ಮೂರು ನಾಲ್ಕು, ಹಿಂದಿನ ದೀಪ ಮತ್ತು ಮೀಟರ್ ದೀಪಕ್ಕೆ ಎರಡು, ಮಳೆಯಲ್ಲಿ ವೈಪರಿಗೆ ಮೂರು. ಅಲ್ಲಿಗೆ 18, 19 ಆಯಿತು. 100 ವಾಟಿನವು ಎರಡು ಉರಿದರೆ ಅವೇ 16, 17 ಆಂಪ್ ತಿನ್ನುತ್ತವೆ. ಉಳಿದದ್ದಕ್ಕೆ ಬ್ಯಾಟರಿಯಿಂದ ಸಾಲ ತೆಗೆಯಬೇಕು, ಸಾತಾರಾ ಬರುವ ಹೊತ್ತಿಗೆ ಬ್ಯಾಟರಿ ಕೂರುತ್ತದೆ. ಮೇಲಾಗಿ ಅಷ್ಟು ಶಾಖಕ್ಕೆ ಹೋಲ್ಡರ್ ಕರಗುತ್ತದೆ, ಡೂಮಿನ ಬೆಳ್ಳಿ ಕಪ್ಪಾಗುತ್ತದೆ. ಹೆಚ್ಚು ವಾಟ್ ಅಂದರೆ ವೈರಿನಲ್ಲಿ ಹೆಚ್ಚು ಕರೆಂಟ್, ಅಂದರೆ ಅದೇ ತುಕ್ಕಿನಲ್ಲಿ ಇನ್ನೂ ಹೆಚ್ಚು ವೋಲ್ಟೇಜ್ ನಷ್ಟ. ಸೋರುವ ಪೈಪಿಗೆ ದೊಡ್ಡ ಮೋಟರ್ ಕೂರಿಸಿದ ಹಾಗೆ.

ಮುಂದಿನ ವಾರ ನಾನಾ ಪೇಠಕ್ಕೆ ಹೋದೆವು. ಪುಣೆಯಲ್ಲಿ ಹಳೆ ಗಾಡಿಯ ಸಾಮಾನು ಅಂದರೆ ಅದೇ ಜಾಗ. ಹಳೆ ಡೂಮ್ ಬಿಚ್ಚಿ ಚೀಲದಲ್ಲಿ ಹಾಕಿಕೊಂಡೇ ಹೋಗಿದ್ದೆ. ಬಾಯಲ್ಲಿ ಹೇಳಿ ತರುವುದಕ್ಕಿಂತ ತೋರಿಸಿ ತರುವುದು ಒಳ್ಳೆಯದು. ಅಂಗಡಿಯ ಅಜ್ಜ ಅದನ್ನು ಬೆಳಕಿಗೆ ಹಿಡಿದು, ಒಳಗೆ ಮೊಬೈಲ್ ಟಾರ್ಚ್ ಬಿಟ್ಟು ತೋರಿಸಿದರು. ಬೆಳ್ಳಿಯ ಲೇಪನ ಅರ್ಧ ಹೋಗಿತ್ತು, ಕೆಳಭಾಗದಲ್ಲಿ ಕಂದು ಬಣ್ಣದ ಕಲೆ. ಆಮೇಲೆ ಮರಾಠಿಯಲ್ಲಿ ಒಂದೇ ಮಾತು: "ಆಧೀ ಅರ್ಥ್ ಬಘಾ, ಮಗ್ ಬಲ್ಬ್." ಮೊದಲು ಅರ್ಥ್ ನೋಡಿ, ಆಮೇಲೆ ಬಲ್ಬ್. ಮೀಟರ್ ಇಲ್ಲದೆ ಅವರಿಗೆ ಅದು ಗೊತ್ತಿತ್ತು. ಆ ಮಾತಿಗೇ ನಾನು ಅವರ ಅಂಗಡಿಯಲ್ಲಿ ಸಾಮಾನು ತಗೊಂಡೆ.

ಆದರೆ ಡೂಮ್ ವಿಷಯದಲ್ಲಿ ಒಂದು ಕಷ್ಟ ಎದುರಾಯಿತು. ಜರ್ಮನಿಯಲ್ಲಿರುವ ಕಾಕಾನ ಮಗಳು ವಿಷಯ ಕೇಳಿ, ಅಷ್ಟರಲ್ಲಿ ರಜೆಗೆ ಬರುವಾಗ ಒಂದು ಜೊತೆ 7 ಇಂಚಿನ ಎಚ್4 ಹೆಡ್‌ಲೈಟ್ ತಂದಿದ್ದಳು. ಎಂಥ ಗಾಜು ಅಂತೀರಿ, ಕೈಗೆ ತಗೊಂಡರೇ ತೂಕ ಗೊತ್ತಾಗುತ್ತದೆ. ಅಳತೆಯೂ ಸರಿಯಾಗಿ ಕೂರುತ್ತಿತ್ತು. ಕಾಕಾ ಖುಷಿಯಲ್ಲಿದ್ದರು. ಗೋಡೆಗೆ ಬಿಟ್ಟು ನೋಡಿದೆವು. ಬೀಮಿನ ಮೇಲಂಚು ಚಾಕುವಿನಲ್ಲಿ ಕೊಯ್ದ ಹಾಗೆ ನೇರ. ಒಂದು ಕಡೆ ಮಾತ್ರ ಅಂಚು ಓರೆಯಾಗಿ ಮೇಲೇರಿತ್ತು. ಆ ಕಡೆ ಬಲಗಡೆ.

ಲೋ ಬೀಮ್ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ರಸ್ತೆಯ ಅಂಚಿನ ಕಡೆ, ನಡೆದು ಹೋಗುವವರು, ಸೈಕಲ್, ಬೋರ್ಡ್ ಕಾಣಲಿ ಅಂತ ಸ್ವಲ್ಪ ಮೇಲೇರಿಸಿರುತ್ತಾರೆ. ನಾವು ಎಡಕ್ಕೆ ಓಡಿಸುವವರು, ನಮಗೆ ಎಡಗಡೆ ಏರಬೇಕು. ಜರ್ಮನಿಯವರು ಬಲಕ್ಕೆ ಓಡಿಸುತ್ತಾರೆ, ಅವರ ಗಾಜಿನಲ್ಲಿ ಬಲಗಡೆ ಏರುತ್ತದೆ. ಅದನ್ನು ಇಲ್ಲಿ ಹಾಕಿದರೆ ಆ ಏರಿದ ತುಂಡು ನೇರವಾಗಿ ಎದುರಿನ ಡ್ರೈವರ್ ಕಣ್ಣಿಗೆ, ನಮ್ಮ ಎಡಗಡೆಯ ಕಬ್ಬಿನ ಟ್ರಾಲಿಗೆ ಕತ್ತಲು. ಯುರೋಪಿನ ಗಾಜಿನ ಮೇಲೆ ಗುರುತು ಇರುತ್ತದೆ, ನೋಡಿ ತಗೊಳ್ಳಿ: ಎಡಗಡೆ ಓಡಿಸುವ ದೇಶದ್ದಾದರೆ ಒಂದು ಬಾಣ, ಎರಡಕ್ಕೂ ನಡೆಯುವುದಾದರೆ ಎರಡು ತುದಿಯ ಬಾಣ, ಬಲಗಡೆಯದ್ದಾದರೆ ಬಾಣವೇ ಇಲ್ಲ. ಇದರಲ್ಲಿ ಬಾಣ ಇರಲಿಲ್ಲ.

ಮಗಳು ತಂದದ್ದು. ಹಾಕಬೇಡಿ ಅಂತ ಹೇಳುವುದು ನನಗೂ ಕಷ್ಟವಾಯಿತು. ಕಾಕಾ ಸ್ವಲ್ಪ ಹೊತ್ತು ಗೋಡೆ ನೋಡುತ್ತಾ ನಿಂತರು. ಆಮೇಲೆ ಅವರೇ ಅಂದರು, "ಎದುರಿಗೆ ಬರಾವ್ನೂ ಯಾರ್ದೋ ಮನಿ ಮಗನ ಅಲ್ಲೇನು. ಬ್ಯಾಡ." ಅವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಾರೆ. ನಾನಾ ಪೇಠದಿಂದ ನಮ್ಮ ರಸ್ತೆಗೆ ಸರಿಹೋಗುವ, ಇಲ್ಲೇ ತಯಾರಾದ ಗಾಜಿನ ಡೂಮ್ ಬಂತು. ಜೊತೆಗೆ ಎಚ್4 60/55 ಬಲ್ಬ್.

ವೈರಿಂಗ್ ಹಾರ್ನೆಸ್ ರೆಡಿಮೇಡ್ ಸಿಗುತ್ತದೆ ಅಂತ ಒಂದನ್ನು ತಂದಿದ್ದೆವು. ನೋಡಲು ದಪ್ಪ. ಬ್ಲೇಡಿನಿಂದ ಸೀಳಿದರೆ ಮೇಲಿನ ಪ್ಲಾಸ್ಟಿಕ್ಕೇ ದಪ್ಪ, ಒಳಗೆ ಕೂದಲಿನಂಥ ಎಳೆಗಳು. ಒಂದು ಎಳೆ ಕೆರೆದು ನೋಡಿದೆ, ತಾಮ್ರದ ಬಣ್ಣದ ಕೆಳಗೆ ಬಿಳಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ. ಅದನ್ನು ಬದಿಗಿಟ್ಟು ಕೈಯಲ್ಲೇ ಮಾಡಿದೆ. ಬ್ಯಾಟರಿಯ ಪ್ಲಸ್‌ನಿಂದ 4 ಸ್ಕ್ವೇರ್ ಎಂಎಂ ಅಪ್ಪಟ ತಾಮ್ರದ ವೈರು, ಬ್ಯಾಟರಿ ಪಕ್ಕದಲ್ಲೇ ಒಂದು 30 ಆಂಪ್ ಫ್ಯೂಸ್. ಅದು ಎರಡು ರಿಲೇಗಳ 30 ನಂಬರ್ ಪಿನ್ನಿಗೆ. ಒಂದು ರಿಲೇ ಲೋ ಬೀಮಿಗೆ, ಒಂದು ಹೈಗೆ. 87 ನಂಬರ್ ಪಿನ್ನಿನಿಂದ ಎಡಕ್ಕೂ ಬಲಕ್ಕೂ ಬೇರೆ ಬೇರೆ 2.5ರ ವೈರು, ಪ್ರತಿಯೊಂದಕ್ಕೂ 10 ಆಂಪಿನ ಫ್ಯೂಸ್. ಒಂದು ಹೋದರೂ ಇನ್ನೊಂದು ಕಣ್ಣು ಉರಿಯುತ್ತಿರಬೇಕು, ಘಾಟಿನಲ್ಲಿ ಪೂರ್ತಿ ಕತ್ತಲಾದರೆ ಕಥೆ ಮುಗಿಯಿತು. 85 ನಂಬರ್ ಪಿನ್ ಅರ್ಥ್‌ಗೆ. 86ಕ್ಕೆ ಹಳೆಯ ಡಿಪ್ಪರಿನಿಂದ ಬರುವ ವೈರು: ನೀಲಿ-ಕೆಂಪು ಲೋ, ನೀಲಿ-ಬಿಳಿ ಹೈ, ಬ್ರಿಟಿಷ್ ಗಾಡಿಗಳ ಹಳೆ ಬಣ್ಣದ ಲೆಕ್ಕ. ಈಗ ಹಳೆ ಸ್ವಿಚ್ಚು, ಡಿಪ್ಪರು ರಿಲೇಯನ್ನು ಎಬ್ಬಿಸಿದರೆ ಸಾಕು. ಆಂಪಿನ ಲೆಕ್ಕದಲ್ಲಿ ಅದು ಕಾಲು ಆಂಪೂ ಇಲ್ಲ.

ಒಂದು ಎಚ್ಚರಿಕೆ. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರುವುದುಂಟು. ಬ್ಯಾಟರಿಯ ಯಾವ ಟರ್ಮಿನಲ್ ಬಾಡಿಗೆ ಹೋಗಿದೆ ಅಂತ ಕಣ್ಣಾರೆ ನೋಡದೆ ಒಂದು ವೈರೂ ಮುಟ್ಟಬೇಡಿ. ನಮ್ಮದು ನೆಗೆಟಿವ್.

ಅರ್ಥ್‌ಗೆ ಅಜ್ಜನ ಮಾತು ಪಾಲಿಸಿದೆ. ಹಳೆಯ ಅರ್ಥ್ ವೈರು ಹೆಡ್‌ಲೈಟ್ ಬಕೆಟ್ಟಿನ ಒಂದು ತುಕ್ಕು ಸ್ಕ್ರೂಗೆ ಸಿಕ್ಕಿಸಿತ್ತು, ಆ ಬಕೆಟ್ ಬಾಡಿಗೆ ಮುಟ್ಟುವ ಜಾಗದಲ್ಲಿ ಮೂರು ಪದರ ಪೇಂಟ್. ಹೊಸ ವೈರನ್ನು ನೇರವಾಗಿ ಬಾಡಿಗೆ ತಂದು, ಪೇಂಟ್ ಕೆರೆದು ಬೆಳ್ಳಗೆ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಬಳಿದೆ. ಮತ್ತೆ ಅಳೆದಾಗ ಎಡಕ್ಕೆ 13.0, ಬಲಕ್ಕೆ 13.1. ಅದೇ ಲೆಕ್ಕದಲ್ಲಿ 90 ಪರ್ಸೆಂಟ್ ಬೆಳಕು.

ಅಡ್ಜಸ್ಟ್ ಮಾಡಲು ಒಂದು ಪೂರ್ತಿ ಸಂಜೆ ಹೋಯಿತು, ಅದಕ್ಕೆ ಅಷ್ಟು ಬೆಲೆ ಇದೆ. ಟೈರಿನ ಗಾಳಿ ಸರಿ ಮಾಡಿ, ಕಾಕಾ ಕಾಕುನ್ನ ಮುಂದೆ ಕೂರಿಸಿ, ಡಿಕ್ಕಿಯಲ್ಲಿ ಊರಿಗೆ ಹೋಗುವಷ್ಟು ಸಾಮಾನು ಇಟ್ಟು, ಗೋಡೆಯಿಂದ 5 ಮೀಟರ್ ದೂರದಲ್ಲಿ ನಿಲ್ಲಿಸಿದೆವು. ನೆಲದಿಂದ ಲೈಟಿನ ನಡುವಿಗೆ 74 ಸೆಂಟಿಮೀಟರ್. ಗೋಡೆಯ ಮೇಲೆ ಸೀಮೆಸುಣ್ಣದಿಂದ 74ಕ್ಕೆ ಒಂದು ಗೆರೆ, 5 ಸೆಂಟಿಮೀಟರ್ ಕೆಳಗೆ 69ಕ್ಕೆ ಇನ್ನೊಂದು. ಬೀಮಿನ ಮೇಲಂಚು ಎರಡನೇ ಗೆರೆಯ ಮೇಲೆ ಕೂರಬೇಕು. 100ಕ್ಕೆ ಒಂದು ಇಳಿಜಾರು, ಅಷ್ಟೇ ಸೂತ್ರ. 10 ಮೀಟರ್ ಜಾಗ ಇದ್ದರೆ 10 ಸೆಂಟಿಮೀಟರ್. ಒಂದು ಲೈಟ್ ಮುಚ್ಚಿ ಇನ್ನೊಂದನ್ನು ಕೂರಿಸಿ, ಆಮೇಲೆ ಅದನ್ನು ಮುಚ್ಚಿ ಇದನ್ನು. ಹಿಂದಿನ ಸೀಟಿನಲ್ಲಿ ಇಬ್ಬರು ಹತ್ತಿದರೆ ಅಂಚು ಎಷ್ಟು ಮೇಲೇಳುತ್ತದೆ ಅಂತ ತಮ್ಮ ಮತ್ತು ಅವನ ಗೆಳೆಯ ಕೂತು ತೋರಿಸಿದರು, ಸರಿಯಾಗಿ ಎರಡು ಬೆರಳು ಎದ್ದಿತು. ಈ ಗಾಡಿಯ ಹಿಂದಿನ ಪಟ್ಟಿ ಸ್ಪ್ರಿಂಗ್ ಸ್ವಲ್ಪ ಕೂತಿದೆ. ಅದಕ್ಕೆ ಅಂಚನ್ನು ಇನ್ನೊಂದು ಸೆಂಟಿಮೀಟರ್ ಇಳಿಸಿದೆ.

ಬೆಳಕು ಜಾಸ್ತಿ ಅನಿಸುತ್ತದೆ ಅನ್ನುವುದು ಅಳತೆ ಅಲ್ಲ. ಅದಕ್ಕೆ ಕೆಲಸ ಶುರು ಮಾಡುವ ಮೊದಲೇ ಫ್ಯಾಕ್ಟರಿ ಹಿಂದಿನ ಖಾಲಿ ರಸ್ತೆಯಲ್ಲಿ ಒಂದು ಪರೀಕ್ಷೆ ಮಾಡಿದ್ದೆವು. ತಮ್ಮ ಕಪ್ಪು ರೇನ್‌ಕೋಟ್ ಹಾಕಿಕೊಂಡು ಎಡಗಡೆ ಅಂಚಿನಲ್ಲಿ ನಿಂತ. ಕಾಕಾ ಸ್ಟೀರಿಂಗ್ ಹಿಂದೆ, ಲೋ ಬೀಮ್. ತಮ್ಮ ದೂರದಿಂದ ನಡೆದು ಬರುತ್ತಾ ಕಾಕಾ "ಕಂಡ" ಅಂದ ಕೂಡಲೇ ನಿಲ್ಲಬೇಕು. ಹಳೆ ಲೈಟಿನಲ್ಲಿ ಅವನು ನಿಂತ ಜಾಗದಿಂದ ಗಾಡಿಗೆ 28 ಹೆಜ್ಜೆ. ಎಲ್ಲ ಮುಗಿದ ಮೇಲೆ ಹೊಸದರಲ್ಲಿ 65. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 17 ಮೀಟರ್ ಹೋಗುತ್ತದೆ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. 28 ಹೆಜ್ಜೆಯಲ್ಲಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ದಾರಿ ಮುಗಿದಿರುತ್ತದೆ. ಹೊಸ ಲೈಟಿನಲ್ಲೂ ಕತ್ತಲ ರಸ್ತೆಯಲ್ಲಿ 60 ದಾಟಬೇಡಿ ಅಂತ ಕಾಕಾಗೆ ಹೇಳಿದ್ದೇನೆ, ಒಪ್ಪಿದ್ದಾರೆ.

ಡೂಮ್, ಬಲ್ಬ್, ರಿಲೇ, ವೈರು, ಲಗ್, ಫ್ಯೂಸ್ ಎಲ್ಲ ಸೇರಿ 3,900 ರೂಪಾಯಿ ಆಯಿತು, ಮೂಲೆಗೆ ಬಿದ್ದ ಎಲ್‌ಇಡಿ ಮತ್ತು ಹಾರ್ನೆಸ್ ಬಿಟ್ಟು. 15 ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕಲ್ಲ, ಆಗ ಲೈಟನ್ನೂ ನೋಡುತ್ತಾರೆ. 60/55 ಬಲ್ಬು, ನಮ್ಮ ರಸ್ತೆಯ ಗಾಜು ಇದ್ದರೆ ಅಲ್ಲಿ ತಕರಾರು ಬರುವ ಕಾರಣವಿಲ್ಲ.

ಫೆಬ್ರವರಿಯಲ್ಲಿ ಕಾಕಾ ಜೊತೆ ನಾನೂ ಬೆಳಗಾವಿಗೆ ಹೋಗಿ ರಾತ್ರಿ ವಾಪಸ್ ಬಂದೆ. ಕಬ್ಬಿನ ಕಾಲ ಇನ್ನೂ ಮುಗಿದಿರಲಿಲ್ಲ. ಕರಾಡ ಮತ್ತು ಸಾತಾರಾ ನಡುವೆ ನಾಲ್ಕು ಟ್ರಾಕ್ಟರ್ ಎಣಿಸಿದೆವು, ಎರಡಕ್ಕೆ ಹಿಂದೆ ದೀಪ ಇರಲಿಲ್ಲ. ನಾಲ್ಕನ್ನೂ ಕಾಕಾ ನನಗಿಂತ ಮೊದಲು ನೋಡಿ ಹೇಳಿದರು. ಖಂಬಾಟಕಿ ಸುರಂಗ ದಾಟಿ ಆ ತಿರುವು ಇಳಿಯುವಾಗ ಬಿಳಿ ಗೆರೆ ಎಡಕ್ಕೆ ಬಾಗುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಕಾತ್ರಜದವರೆಗೆ ಎದುರಿನವರು ಒಬ್ಬರೂ ಅಪ್ಪರ್ ಹೊಡೆಯಲಿಲ್ಲ.

ಕಾಲಿನ ಡಿಪ್ಪರನ್ನು ತೆಗೆದು ಸ್ಟೀರಿಂಗ್ ಹತ್ತಿರ ಸ್ವಿಚ್ ಕೊಡಲೇ ಅಂತ ಕೇಳಿದ್ದೆ. ಕಾಕಾ ಬೇಡ ಅಂದರು. ಬಿಚ್ಚಿ, ಒಳಗಿನ ಕಾಂಟ್ಯಾಕ್ಟ್ ಉಜ್ಜಿ, ಅಲ್ಲೇ ವಾಪಸ್ ಕೂರಿಸಿದ್ದೇನೆ. ಮ್ಯಾಟಿನ ಕೆಳಗಿನ ನಾರು ಎಸೆದು ನೆಲವನ್ನು ಬಿಸಿಲಿಗೆ ಒಣಗಿಸಿದ್ದೇವೆ. ನೀರು ಎಲ್ಲಿಂದ ಬರುತ್ತಿದೆ ಅಂತ ಇನ್ನೂ ಹುಡುಕಬೇಕು, ಮುಂದಿನ ಗಾಜಿನ ರಬ್ಬರ್ ಮೇಲೆ ನನಗೆ ಅನುಮಾನ. ಮೇ ತಿಂಗಳಲ್ಲಿ ಒಂದು ಭಾನುವಾರ ಪೈಪ್ ಹಿಡಿದು ಗಾಜಿನ ಮೇಲೆ ನೀರು ಬಿಟ್ಟು, ಒಳಗೆ ತಮ್ಮನನ್ನು ಟಾರ್ಚ್ ಕೊಟ್ಟು ಕೂರಿಸುತ್ತೇನೆ.